ಸೂಜಿಗೆ ನಿಲುಕದ ಐದು ಡಿಗ್ರಿ

ಆ ಹುಡುಗಿ ಮೊದಲ ಸಲ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ನಡೆದು ಬಂದಾಗ ಅವಳ ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಬಾಗಿಲಿನಿಂದ ನನ್ನ ಮೇಜಿಗೆ ಹತ್ತು ಹೆಜ್ಜೆ. ಹತ್ತೂ ಹೆಜ್ಜೆಗೆ ಮಂಡಿ ಬಾಗಿಯೇ ಇತ್ತು. ಮುಂಗಾಲಿನ ಮೇಲೆ ಭಾರ ಹಾಕಿ, ಸೊಂಟ ಎತ್ತಿ, ಕಾಲನ್ನು ಹೇಗೋ ಜೊತೆಗೆ ಎಳೆದುಕೊಂಡು ಬಂದಳು. ಅವಳ ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡು ಅಪ್ಪ ಹಿಂದೆ ಬಂದರು.

"ಕೋಲು ಯಾಕಮ್ಮ ಬಿಟ್ಟೆ?" ಅಂದೆ.

"ಆಪರೇಷನ್ ಆಗಿ ಏಳು ವಾರ ಆಯ್ತಲ್ಲ ಮೇಡಂ. ಡಾಕ್ಟ್ರು ಬಿಡಬಹುದು ಅಂದಿದ್ರು."

"ಅವ್ರು ಹೇಳಿರೋದು ಕಾಲು ನೆಟ್ಟಗಾದ್ಮೇಲೆ ಬಿಡು ಅಂತ."

ಅವಳು ಕಾಲನ್ನು ನೋಡಿಕೊಂಡಳು. "ನೆಟ್ಟಗೇ ಇದೆಯಲ್ಲ?" ಅಂದಳು. ಅವಳಿಗೆ ನಿಜವಾಗಿಯೂ ಹಾಗೆಯೇ ಕಾಣುತ್ತಿತ್ತು.

ಅವಳಿಗೆ ಇಪ್ಪತ್ತೊಂದು ವರ್ಷ, ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಮಲ್ಲೇಶ್ವರದ ಒಂದು ಹಳೆಯ ಕ್ಲಬ್ಬಿನಲ್ಲಿ ಹತ್ತು ವರ್ಷದವಳಿದ್ದಾಗಿನಿಂದ ಖೋ ಖೋ ಆಡಿಕೊಂಡು ಬಂದವಳು. ಎರಡು ಸಲ ರಾಜ್ಯ ತಂಡದಲ್ಲಿದ್ದಳು. ಒಂದು ಪಂದ್ಯದಲ್ಲಿ ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗಿ ಕಂಬ ಹಿಡಿದು ತಿರುಗುವಾಗ ಪಾದ ನೆಲದಲ್ಲೇ ಉಳಿದು ಮಂಡಿ ಮಾತ್ರ ತಿರುಗಿತು. ಮೂಳೆಗಳನ್ನು ಹಿಡಿದಿಡುವ ಒಳಗಿನ ಲಿಗಮೆಂಟ್ ಹರಿಯಿತು. ಸರ್ಜನ್ ಅವಳ ತೊಡೆಯ ಹಿಂಭಾಗದಿಂದಲೇ ಸ್ನಾಯುವಿನ ಎರಡು ಎಳೆ ತೆಗೆದು, ಮಡಿಸಿ, ಮಂಡಿಯೊಳಗೆ ಹೊಸ ಲಿಗಮೆಂಟಾಗಿ ಕೂರಿಸಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಅದರ ಬೆನ್ನಿಗೇ ಪರೀಕ್ಷೆ ಬಂದದ್ದರಿಂದ ಅವಳು ಫಿಸಿಯೋಥೆರಪಿಗೆ ಹೋಗದೆ, ಫೋನಿನಲ್ಲಿ ವಿಡಿಯೋ ನೋಡಿಕೊಂಡು ಮನೆಯಲ್ಲೇ ವ್ಯಾಯಾಮ ಮಾಡಿದ್ದಳು. ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು ಗಂಟೆಗಟ್ಟಲೆ ಓದಿದ್ದಳು. ಆ ದಿಂಬು ಅವಳಿಗೆ ಹಿತವಾಗಿತ್ತು. ಆ ಮಂಡಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿರಲಿಲ್ಲ.

ಮಂಚದ ಮೇಲೆ ಮಲಗಿಸಿ ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದೆ. ಪೂರ್ತಿ ನೆಟ್ಟಗಾಗಲು ಹನ್ನೆರಡು ಡಿಗ್ರಿ ಕಡಿಮೆ. ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿ ಮಾಡು ಎಂದರೆ ಮುಖವೆಲ್ಲ ಬಿಗಿಯಾಯಿತು, ತೊಡೆ ಬಿಗಿಯಾಗಲಿಲ್ಲ. ಮಂಡಿಯ ಚಿಪ್ಪು ಒಂದಿಷ್ಟೂ ಮೇಲೆ ಸರಿಯಲಿಲ್ಲ. ಬಲತೊಡೆಗೆ ಟೇಪು ಸುತ್ತಿ ಎಡತೊಡೆಗೂ ಸುತ್ತಿದಾಗ ವ್ಯತ್ಯಾಸ ನೋಡಿ ಅಪ್ಪನೇ "ಅಯ್ಯೋ" ಅಂದರು.

ಈ ಆಪರೇಷನ್ ಆದವರಲ್ಲಿ ಮಂಡಿ ಎಷ್ಟು ಮಡಚುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ನೆಟ್ಟಗಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮಡಚುವುದು ತಡವಾಗಿಯಾದರೂ ಬರುತ್ತದೆ. ನೆಟ್ಟಗಾಗುವುದು ಮೊದಮೊದಲ ವಾರಗಳಲ್ಲೇ ಬರಬೇಕು. ಅದಿಲ್ಲದಿದ್ದರೆ ಕುಂಟು ಹೋಗುವುದಿಲ್ಲ, ತೊಡೆಗೆ ಬಲ ಬರುವುದಿಲ್ಲ, ಚಿಪ್ಪಿನ ಕೆಳಗೆ ಸವೆತ ಶುರುವಾಗುತ್ತದೆ. ಅವಳಿಗೆ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಗ್ರೌಂಡಿಗೆ ಯಾವಾಗ ಮೇಡಂ?"

"ಒಂಬತ್ತು ತಿಂಗಳಿಗಿಂತ ಮುಂಚೆ ಕೇಳ್ಬೇಡ."

ಅವರ ಮನೆ ಚಾಮರಾಜಪೇಟೆಯಲ್ಲಿ. ಅಪ್ಪನಿಗೆ ಕಲಾಸಿಪಾಳ್ಯದಲ್ಲಿ ಈರುಳ್ಳಿ ಮಂಡಿ. ನಸುಕಿನಲ್ಲೇ ಲಾರಿ ಇಳಿಸಿ, ವ್ಯಾಪಾರ ಮುಗಿಸಿ, ಹತ್ತು ಗಂಟೆಗೆ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತ್ಯಾಗರಾಜನಗರದ ನಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದರು. ಬಂದವರೇ ಗೋಡೆಯ ಪಕ್ಕದ ಕುರ್ಚಿಯಲ್ಲಿ ನಿದ್ದೆಹೋಗುತ್ತಿದ್ದರು. ಅಂಗಿಯ ತುಂಬ ಈರುಳ್ಳಿ ಸಿಪ್ಪೆಯ ಚೂರು. ಒಂದು ದಿನ ಎಚ್ಚರಾದಾಗ ನಗುತ್ತ ಹೇಳಿದರು: "ನನ್ ಮಂಡಿ ಅಲ್ಲಿ ಕಲಾಸಿಪಾಳ್ಯದಲ್ಲಿ, ಇವಳ ಮಂಡಿ ಇಲ್ಲಿ ನಿಮ್ ಕೈಯಲ್ಲಿ. ಎರಡೂ ನೋಡ್ಕೊಳ್ಳೋಕೆ ನನಗೊಬ್ಬನಿಗೆ ಆಗಲ್ಲ ಮೇಡಂ."

ಮೂರು ವಾರ ಸೂಜಿಯ ಮಾತೇ ಇರಲಿಲ್ಲ. ಹಿಮ್ಮಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು ಮಂಡಿಯನ್ನು ಅದರ ಭಾರಕ್ಕೇ ಕೆಳಗಿಳಿಯಲು ಬಿಡುವುದು. ಬೋರಲು ಮಲಗಿಸಿ ಕಾಲನ್ನು ಮಂಚದ ಅಂಚಿನಿಂದ ಇಳಿಬಿಡುವುದು. ಚಿಪ್ಪನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುವುದು. ಕರೆಂಟಿನ ಸಣ್ಣ ಪ್ಯಾಡ್ ಹಚ್ಚಿ ತೊಡೆಯ ಸ್ನಾಯುವನ್ನು ಎಬ್ಬಿಸುವುದು. ಮನೆಯಲ್ಲಿ ದಿನಕ್ಕೆ ಆರು ಸಲ ಮಾಡಬೇಕಾದ್ದನ್ನು ಅವಳು ಎಂಟು ಸಲ ಮಾಡಿಕೊಂಡು ಬರುತ್ತಿದ್ದಳು. ಹನ್ನೆರಡು ಒಂಬತ್ತಕ್ಕೆ ಇಳಿಯಿತು. ಅಲ್ಲಿಗೇ ನಿಂತಿತು. ನಾನು ಕಾಲನ್ನು ಚಾಚಲು ಹೋದರೆ ಮೀನಖಂಡ ಹಗ್ಗದ ಹಾಗೆ ಗಟ್ಟಿಯಾಗುತ್ತಿತ್ತು. ಬೆರಳಿಟ್ಟು ಒತ್ತಿದರೆ ಒಳಗೆ ಹುಣಸೆಬೀಜದಂಥ ಗಂಟುಗಳು ಸಿಗುತ್ತಿದ್ದವು. ಅವುಗಳ ಮೇಲೆ ಒತ್ತಿದಾಗಲೆಲ್ಲ ನೋವು ಹಿಮ್ಮಡಿವರೆಗೂ ಇಳಿಯುತ್ತದೆ ಎನ್ನುತ್ತಿದ್ದಳು.

ಡ್ರೈ ನೀಡ್ಲಿಂಗನ್ನು ನಾನು ಕಲಿತದ್ದು ಅದಕ್ಕೆ ಎರಡು ವರ್ಷ ಮುಂಚೆ. ಹೆಸರಿನಲ್ಲೇ ಇರುವ ಹಾಗೆ ಒಣ ಸೂಜಿ. ಸಿರಿಂಜ್ ಇಲ್ಲ, ಔಷಧ ಇಲ್ಲ. ಕೂದಲಿಗಿಂತ ಸ್ವಲ್ಪ ದಪ್ಪಗಿನ ತಂತಿಯಂಥ ಸೂಜಿಯನ್ನು ಸ್ನಾಯುವಿನ ಗಂಟಿಗೇ ಇಳಿಸಿದರೆ ಆ ಗಂಟು ಒಮ್ಮೆ ಮಿಡಿದು ಸಡಿಲವಾಗುತ್ತದೆ. ಕುತ್ತಿಗೆ, ಸೊಂಟಗಳಿಗೆ ಮಾಡಿ ಕೈ ಪಳಗಿತ್ತು. ಆಪರೇಷನ್ ಆದ ಮಂಡಿಯ ಸುತ್ತ ಮಾಡಿರಲಿಲ್ಲ.

ಸರ್ಜನ್‌ಗೆ ಫೋನ್ ಮಾಡಿದೆ. ಮಿತಭಾಷಿ. "ಗಾಯ ಪೂರ್ತಿ ಒಣಗಿದೆಯಾ?" ಎಂದು ಕೇಳಿದರು. ಒಣಗಿದೆ ಎಂದೆ. "ಕೀಲಿನ ಹತ್ತಿರ ಬೇಡ. ಎಳೆ ತೆಗೆದ ಜಾಗಕ್ಕೆ ಬೇಡ. ಮಂಡಿಯ ಹಿಂದಿನ ಗುಳಿಗೆ ಹೋಗ್ಲೇಬೇಡಿ, ರಕ್ತನಾಳ ಅಲ್ಲೇ ಇರೋದು. ಮಿಕ್ಕಿದ್ದು ನಿಮಗೆ ಬಿಟ್ಟಿದ್ದು," ಎಂದು ಇಟ್ಟುಬಿಟ್ಟರು.

ಹುಡುಗಿ ಒಪ್ಪಿ ಸಹಿ ಹಾಕಿದಳು. ಒಪ್ಪದವರು ಅಪ್ಪ. ಸೂಜಿಯ ಪೊಟ್ಟಣ ಬಿಚ್ಚುವುದನ್ನು ನೋಡಿಯೇ ಅವರ ಹಣೆಯಲ್ಲಿ ಬೆವರು ಮೂಡಿತು.

"ಇಷ್ಟುದ್ದ ಒಳಗೆ ಹೋಗತ್ತಾ ಮೇಡಂ?"

"ಅಷ್ಟೂ ಹೋಗಲ್ಲ. ನೀವು ಹೊರಗೆ ಕೂತ್ಕೊಳ್ಳಿ, ನೀವು ಬಿದ್ರೆ ನಿಮ್ಮನ್ನ ಎತ್ತೋಕೆ ನಮ್ಮಲ್ಲಿ ಜನ ಇಲ್ಲ."

"ಅಪ್ಪಾ, ಹೋಗಪ್ಪಾ," ಎಂದು ಮಗಳು ನಕ್ಕಳು. ಅವರು ಬಾಗಿಲಾಚೆ ನಿಂತು ಪರದೆಯ ಸಂದಿಯಿಂದ ನೋಡುತ್ತಲೇ ಇದ್ದರು.

ಬೋರಲು ಮಲಗಿಸಿ, ಕಾಲಿನ ಕೆಳಗೆ ದಿಂಡು ಕೊಟ್ಟು, ಸ್ಪಿರಿಟ್ಟಿನಲ್ಲಿ ಚರ್ಮ ಒರೆಸಿ ಆರಲು ಬಿಟ್ಟೆ. ಎಡಗೈಯ ಎರಡು ಬೆರಳಿನ ನಡುವೆ ಮೀನಖಂಡದ ಹೊರಮಗ್ಗುಲಿನ ಗಂಟನ್ನು ಹಿಡಿದುಕೊಂಡು ಬಲಗೈಯಿಂದ ಸೂಜಿಯ ತಲೆಯನ್ನು ತಟ್ಟಿದೆ. ಚರ್ಮ ದಾಟುವಾಗ ಅವಳಿಗೆ ಗೊತ್ತೇ ಆಗಲಿಲ್ಲ. ನಿಧಾನವಾಗಿ ಇಳಿಸುತ್ತ ಹೋದೆ. ಗಂಟಿಗೆ ತಾಗಿದ್ದೇ ಸ್ನಾಯು ನನ್ನ ಬೆರಳಿನ ಕೆಳಗೆ ಮೀನಿನ ಹಾಗೆ ಚಕ್ಕನೆ ಮಿಡಿಯಿತು.

"ಅಮ್ಮಾ!" ಎಂದು ಕೂಗಿದವಳು ಮರುಕ್ಷಣ ತಲೆ ತಿರುಗಿಸಿ, "ಮೇಡಂ, ನಾನ್ ಏನೂ ಮಾಡ್ಲಿಲ್ಲ. ಅದಾಗದೇ ಕುಣೀತು!" ಅಂದಳು.

ಮೀನಖಂಡದಲ್ಲಿ ಮೂರು, ತೊಡೆಯ ಹೊರಮಗ್ಗುಲಿನಲ್ಲಿ ಎರಡು. ತೆಗೆದ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಹತ್ತು ನಿಮಿಷ ಬಿಟ್ಟು ಕೋನ ಅಳೆದೆ. ಒಂಬತ್ತಿದ್ದದ್ದು ಐದಕ್ಕೆ ಇಳಿದಿತ್ತು. ತೊಡೆ ಬಿಗಿ ಮಾಡು ಎಂದೆ. ಮಂಡಿಯ ಚಿಪ್ಪು ಮೆಲ್ಲನೆ ಮೇಲೆ ಸರಿಯಿತು. ಮೂರು ವಾರ ಕಾದದ್ದು ಅದೊಂದಕ್ಕೆ. ಅವಳು ಅದನ್ನೇ ನೋಡುತ್ತ ಮತ್ತೆ ಮತ್ತೆ ಬಿಗಿ ಮಾಡಿದಳು. ಕಣ್ಣಲ್ಲಿ ನೀರಿತ್ತು.

ತಪ್ಪು ಶುರುವಾದದ್ದು ಅಲ್ಲಿಂದ.

ಮುಂದಿನ ವಾರ ಬಂದಾಗ ಐದು ಮತ್ತೆ ಎಂಟಾಗಿತ್ತು. ಇದು ಸಹಜವೇ, ಒಂದು ಸಲಕ್ಕೆ ಯಾವುದೂ ನಿಲ್ಲುವುದಿಲ್ಲ. ಮತ್ತೆ ಸೂಜಿ ಹಾಕಿದೆ. ಮತ್ತೆ ಐದು. ಅದರ ಮುಂದಿನ ವಾರವೂ ಹಾಗೆಯೇ. ಸೂಜಿಯ ನಂತರ ಅವಳು ಎದ್ದು ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು. ಆ ನಡಿಗೆ ನೋಡಿದರೆ ನನಗೆ ಸಂತೋಷವಾಗುತ್ತಿತ್ತು. ಅವಳ ಒಪ್ಪಿಗೆ ಪಡೆದು ಸ್ನಾಯು ಮಿಡಿಯುವುದನ್ನು ವಿಡಿಯೋ ಮಾಡಿಕೊಂಡೆ. ನಮ್ಮ ಕಡೆಯ ಫಿಸಿಯೋಗಳು ತಿಂಗಳಿಗೊಮ್ಮೆ ಸೇರುತ್ತೇವೆ. ಅಲ್ಲಿ ಆ ವಿಡಿಯೋ ತೋರಿಸಿದೆ. ಕಿರಿಯರು ಬೆರಗಾಗಿ ನೋಡಿದರು. ಒಂಬತ್ತು ಐದಾದದ್ದನ್ನು ಹೇಳಿದೆ. ಐದು ಮತ್ತೆ ಎಂಟಾಗುತ್ತಿದೆ ಎನ್ನುವುದನ್ನು ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಹೇಳುವಂಥದ್ದು ಅದರಲ್ಲಿದೆ ಅಂತ ನನಗೇ ಆಗ ಅನ್ನಿಸಿರಲಿಲ್ಲ.

ಮೂರು ತಿಂಗಳಿಗೆ ಸರ್ಜನ್ ನೋಡಿದರು. ಹೊಸ ಲಿಗಮೆಂಟ್ ಭದ್ರವಾಗಿದೆ, ವ್ಯಾಯಾಮ ಜಾಸ್ತಿ ಮಾಡಲಿ ಎಂದು ಚೀಟಿಯಲ್ಲಿ ಬರೆದು ಕಳಿಸಿದರು.

ಅದಾದ ಮೇಲೆ ಒಂದು ಬೆಳಿಗ್ಗೆ ಅವಳ ಕೋಚ್ ಜೊತೆಯಲ್ಲಿ ಬಂದರು. ಶಾಲೆಯಲ್ಲಿ ಆಟದ ಟೀಚರಾಗಿದ್ದು ನಿವೃತ್ತರಾದ ಹೆಂಗಸು. ಬಿಳಿ ಕೂದಲು, ಕಾಲಿಗೆ ಕ್ಯಾನ್ವಾಸ್ ಬೂಟು. ಸರ್ಕಾರಿ ಇಲಾಖೆಯೊಂದು ಕ್ರೀಡಾ ಕೋಟಾದಲ್ಲಿ ಖೋ ಖೋ ಆಟಗಾರ್ತಿಯರನ್ನು ತೆಗೆದುಕೊಳ್ಳುತ್ತದೆ, ಆಯ್ಕೆಗೆ ಇನ್ನು ಮೂರೂವರೆ ತಿಂಗಳಿದೆ ಎಂದರು. ಲೆಕ್ಕ ಹಾಕಿದೆ. ಆಗ ಅವಳ ಆಪರೇಷನ್ನಿಗೆ ಏಳು ತಿಂಗಳಾಗಿರುತ್ತದೆ.

"ಒಂಬತ್ತು ತಿಂಗಳು ಅಂತ ಹೇಳಿದೀನಲ್ಲ ಮೇಡಂ," ಅಂದೆ.

"ನೀವು ಹೇಳೋದು ಸರಿ. ಆದ್ರೆ ಈ ಅವಕಾಶ ಹತ್ತು ವರ್ಷಕ್ಕೊಂದ್ಸಲ ಬರತ್ತೆ. ನಮ್ಮ ಆಟದಲ್ಲಿ ಕ್ರಿಕೆಟ್ ಥರ ಏನಿದೆ ಹೇಳಿ? ಕೆಲಸ ಒಂದು ಸಿಕ್ಕಿದ್ರೆ ಆಡಿದ್ದಕ್ಕೂ ಸಾರ್ಥಕ. ಅಪ್ಪ ಮದುವೆ ಅಂತಾರೆ, ಅಮ್ಮ ಬ್ಯಾಂಕ್ ಪರೀಕ್ಷೆ ಅಂತಾರೆ. ಇವಳ ಹತ್ರ ಇರೋದು ಇದೊಂದೇ ದಾರಿ." ತಮಗಾಗಿ ಕೇಳುತ್ತಿರಲಿಲ್ಲ. ತಮ್ಮ ಕೈಯಲ್ಲಿ ಬೆಳೆದ ಎಷ್ಟು ಹುಡುಗಿಯರು ಆಟ ಬಿಟ್ಟು ಹೋದದ್ದನ್ನು ನೋಡಿದ್ದರೋ, ಅದು ಆ ದನಿಯಲ್ಲಿತ್ತು.

"ಮೊದಲು ಕಾಲು ನೆಟ್ಟಗಾಗಲಿ, ಆಮೇಲೆ ನೋಡೋಣ," ಎಂದಷ್ಟೇ ಹೇಳಿದೆ. ಹುಡುಗಿ ಅದನ್ನೇ ಒಪ್ಪಿಗೆ ಎಂದುಕೊಂಡಳು.

ಆಮೇಲೆ ಅವಳು ಬಂದ ಕೂಡಲೇ ಬೋರಲು ಮಲಗುವುದನ್ನು ರೂಢಿ ಮಾಡಿಕೊಂಡಳು. "ಮೊದಲು ಸೂಜಿ ಹಾಕ್ಬಿಡಿ ಮೇಡಂ, ಆಮೇಲೆ ಏನ್ ಬೇಕಾದ್ರೂ ಮಾಡಿಸಿ." ಆರನೆಯ ಸಲ, ಏಳನೆಯ ಸಲ. ಮಂಡಿ ಸ್ವಲ್ಪ ಊದಿಕೊಳ್ಳಲು ಶುರುವಾಯಿತು. ವ್ಯಾಯಾಮ ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿದೆ. ಊತ ಇಳಿದರೂ ಕೊನೆಯ ಐದು ಡಿಗ್ರಿ ಜಪ್ಪಯ್ಯ ಅನ್ನಲಿಲ್ಲ. ಎಂಟನೆಯ ಸಲ ಸೂಜಿ ತಾಗಿದಾಗ ಮೀನಖಂಡ ಮಿಡಿಯಲಿಲ್ಲ. ಅಲ್ಲಿ ಗಂಟೇ ಉಳಿದಿರಲಿಲ್ಲ. ಸ್ನಾಯು ಮೆತ್ತಗಿತ್ತು, ಚೆನ್ನಾಗಿತ್ತು. ಆದರೂ ಮಂಡಿ ನೆಟ್ಟಗಾಗುತ್ತಿರಲಿಲ್ಲ.

ಅವತ್ತು ಅವರು ಹೋದ ಮೇಲೆ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚದೆ ಅವಳ ಫೈಲು ತೆಗೆದು ಕುಳಿತೆ. ಪ್ರತಿ ಭೇಟಿಯ ಟಿಪ್ಪಣಿ ನನ್ನದೇ ಕೈಬರಹದಲ್ಲಿತ್ತು. ಮೊದಲು ಕೋನಗಳನ್ನಷ್ಟೇ ಓದಿದೆ: ಸೂಜಿಗೆ ಮುಂಚೆ ಎಂಟು, ನಂತರ ಐದು. ಎಂಟು, ಐದು. ಏಳು, ಐದು. ಐದರ ಕೆಳಗೆ ಒಂದು ಸಲವೂ ಹೋಗಿಲ್ಲ. ಆಮೇಲೆ ಪಕ್ಕದಲ್ಲಿ ಬರೆದದ್ದನ್ನು ಓದಿದೆ. ಹನ್ನೊಂದನೆಯ ವಾರ: "ಚಾಚಿದಾಗ ಕೊನೆಯಲ್ಲಿ ಮುಂದೆ ನೋವು." ಹದಿಮೂರನೆಯ ವಾರ: "ಮುಂದೆ ನೋವು, ಚಿಪ್ಪಿನ ಕೆಳಗೆ." ಹದಿನಾಲ್ಕು: "ಟಕ್ ಎಂಬ ಸದ್ದು, ನೋವಿಲ್ಲ ಎನ್ನುತ್ತಾಳೆ." ಹದಿನಾರು: "ಮುಂದೆ ನೋವು." ಹದಿನೆಂಟು: ಮತ್ತೆ ಅದೇ. ಹೀಗೆ ಐದು ಸಾಲು ಬರೆದಿದ್ದೆ.

ಮೀನಖಂಡ ಬಿಗಿದು ಕಾಲು ನೆಟ್ಟಗಾಗದಿದ್ದರೆ ಎಳೆತ ಹಿಂದೆ ಇರಬೇಕು. ಇವಳಿಗೆ ನೋವಿದ್ದದ್ದು ಮುಂದೆ. ಎರಡು ತಿಂಗಳಿಂದ ನಾನು ಹಿಂದೆ ಚುಚ್ಚುತ್ತಿದ್ದೆ, ಅವಳು ಮುಂದೆ ನೋವು ಎನ್ನುತ್ತಿದ್ದಳು, ನಾನು ಅದನ್ನು ನೀಟಾಗಿ ಬರೆದುಕೊಂಡು ಮತ್ತೆ ಹಿಂದೆ ಚುಚ್ಚುತ್ತಿದ್ದೆ.

ಕೈಗೂ ಅದು ಗೊತ್ತಿತ್ತು. ಬಿಗಿದ ಸ್ನಾಯು ಚಾಚುವಾಗ ನಾದಿದ ಹಿಟ್ಟಿನ ಹಾಗೆ ನಿಧಾನಕ್ಕೆ ಬಿಡುತ್ತದೆ. ಇವಳ ಮಂಡಿ ಕೊನೆಯಲ್ಲಿ ಹಾಗೆ ಬಿಡುತ್ತಿರಲಿಲ್ಲ. ಬಾಗಿಲು ಮುಚ್ಚುವಾಗ ಸಂದಿಯಲ್ಲಿ ಹವಾಯಿ ಚಪ್ಪಲಿ ಸಿಕ್ಕಿಕೊಂಡರೆ ಹೇಗೆ ಮೆತ್ತಗೆ ತಡೆದು ವಾಪಸ್ ತಳ್ಳುತ್ತದೋ ಹಾಗಿತ್ತು. ಇಂಥ ತಡೆಯ ಬಗ್ಗೆ ನಾನು ಓದದವಳೇನಲ್ಲ. ಹೊಸ ಲಿಗಮೆಂಟಿನ ಮುಂಭಾಗದಲ್ಲಿ ಕೆಲವರಿಗೆ ಗಾಯದ ಕಲೆಯಂಥ ಒಂದು ಗಂಟು ಬೆಳೆಯುತ್ತದೆ. ಮಂಡಿ ನೆಟ್ಟಗಾಗಲು ಹೋದಾಗ ಅದು ಎರಡು ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಸ್ನಾಯುವಲ್ಲ. ಸೂಜಿಗೂ ವ್ಯಾಯಾಮಕ್ಕೂ ಅದು ಬಗ್ಗುವುದಿಲ್ಲ. ಸರ್ಜನ್ನೇ ತೆಗೆಯಬೇಕು.

ಡಬ್ಬಿಯ ಅನ್ನ ತಣ್ಣಗಾಗಿತ್ತು. ನನಗೆ ಎರಡು ದಾರಿ ಕಾಣಿಸಿತು. ಆಯ್ಕೆಗೆ ಎರಡೂವರೆ ತಿಂಗಳಿತ್ತು. ಪ್ರತಿ ಸಲ ಸೂಜಿ ಹಾಕಿ ಅರ್ಧ ದಿನ ಐದರಲ್ಲಿ ನಿಲ್ಲಿಸುತ್ತ ಹೋದರೆ ಅವಳು ಅವತ್ತು ಹೇಗೋ ಓಡಿಯಾಳು. ಕೋಚಿಗೂ ಅವಳಿಗೂ ಬೇಕಿದ್ದದ್ದು ಅಷ್ಟೇ. ನಾನು ತಪ್ಪು ಮಾಡಿದೆ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಸರ್ಜನ್ ಬಳಿ ಕಳಿಸಿದರೆ ಇನ್ನೊಂದು ಆಪರೇಷನ್, ಆಯ್ಕೆ ಖಂಡಿತ ತಪ್ಪುತ್ತಿತ್ತು. ಆದರೆ ನೆಟ್ಟಗಾಗದ ಮಂಡಿಯಲ್ಲಿ, ಅರೆಬಲದ ತೊಡೆಯಲ್ಲಿ ಕಂಬ ಸುತ್ತಿದರೆ ಹೊಸ ಲಿಗಮೆಂಟೂ ಉಳಿಯುವ ಭರವಸೆ ಇರಲಿಲ್ಲ. ಸಂಜೆಯ ಪೇಶೆಂಟುಗಳು ಬರುವ ಮುಂಚೆಯೇ ಅವಳ ಅಪ್ಪನಿಗೆ ಫೋನ್ ಮಾಡಿ, "ನಾಳೆ ಇಬ್ಬರೂ ಬನ್ನಿ, ಮಾತಾಡ್ಬೇಕು," ಎಂದೆ.

ಬೆಳಿಗ್ಗೆ ಅವಳು ಎಂದಿನಂತೆ ಮಂಚ ಹತ್ತಲು ಹೋದಳು. ಕುರ್ಚಿಯಲ್ಲಿ ಕೂರಿಸಿದೆ. ಫೈಲು ಬಿಚ್ಚಿಟ್ಟು ಎಲ್ಲ ಹೇಳಿದೆ. ಎಂಟು, ಐದು, ಎಂಟು, ಐದು ಎಂದು ಬೆರಳಿಟ್ಟು ತೋರಿಸಿದೆ. ಒಳಗೆ ಗಂಟು ಇರಬಹುದು, ಎಂಆರ್‌ಐ ಮಾಡಿಸಬೇಕು, ಇದ್ದರೆ ತೆಗೆಸಬೇಕು, ಇನ್ನು ನಾನು ಸೂಜಿ ಹಾಕುವುದಿಲ್ಲ ಎಂದೆ.

ಅವಳು ಫೈಲನ್ನು ತನ್ನತ್ತ ತಿರುಗಿಸಿಕೊಂಡಳು.

"ಹಾಗಾದ್ರೆ ಇಷ್ಟು ದಿನ ಚುಚ್ಚಿಸ್ಕೊಂಡಿದ್ದು ಸುಮ್ನೇನಾ ಮೇಡಂ?"

"ಮೊದಲ ಮೂರ್ನಾಲ್ಕು ಸಲ ಸುಮ್ನೆ ಅಲ್ಲ. ನಿನ್ನ ತೊಡೆ ಎಚ್ಚರ ಆಗಿದ್ದು ಅದರಿಂದ. ಆಮೇಲಿನದ್ದು... ಹೌದು. ಸುಮ್ನೆ. ನಾನು ಮೊದಲೇ ನೋಡ್ಬೇಕಿತ್ತು."

"ನಾನು ಹೇಳ್ತಾನೇ ಇದ್ದೆ, ಮುಂದೆ ನೋವು ಅಂತ."

"ಹೇಳ್ತಿದ್ದೆ. ಬರ್ಕೊಂಡಿದೀನಿ. ಕೇಳಿಸ್ಕೊಳ್ಳಲಿಲ್ಲ."

ಅವಳು ಎದ್ದು ಹೊರಗೆ ಹೋದಳು. ಗೇಟಿನ ಬಳಿ ನಮಗೆ ಬೆನ್ನು ಮಾಡಿ ನಿಂತಳು. ಬೆನ್ನು ಅಲುಗುತ್ತಿತ್ತು. ನನ್ನ ಮೇಲೆ ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಕೋಚ್ ಫೋನ್ ಮಾಡಿದರು. ಹುಡುಗಿ ಅಲ್ಲಿಂದಲೇ ಅವರಿಗೆ ಹೇಳಿದ್ದಳು. "ಆಯ್ಕೆ ಮುಗಿದ್ಮೇಲೆ ಆಪರೇಷನ್ ಮಾಡಿಸಬಾರದಾ? ಅಲ್ಲೀವರೆಗೆ ಸೂಜೀಲೇ ದಾಟಿಸಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದರು. ಹಾಗಂದವರು ಅರವತ್ತು ದಾಟಿದ ಹೆಂಗಸು. "ಆಗಲ್ಲ ಮೇಡಂ. ಅವತ್ತು ಗ್ರೌಂಡಲ್ಲಿ ಮತ್ತೆ ಹರಿದ್ರೆ ಅವಳಿಗೆ ಯಾವ ದಾರೀನೂ ಉಳಿಯಲ್ಲ," ಎಂದೆ. ಅವರು ಫೋನ್ ಇಟ್ಟುಬಿಟ್ಟರು.

ಅಪ್ಪ ಅವತ್ತು ನಿದ್ದೆ ಮಾಡಿರಲಿಲ್ಲ. ಎಲ್ಲ ಕೇಳಿಸಿಕೊಂಡು ಕುಳಿತಿದ್ದರು. ಇನ್ನೊಂದು ಆಪರೇಷನ್ ಅಂದ ಮೇಲೆ ಬೇರೆ ಕ್ಲಿನಿಕ್ಕಿಗೆ ಹೋಗುತ್ತೇವೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅಂಗಿಯ ಮೇಲಿನ ಸಿಪ್ಪೆ ಕೊಡವಿಕೊಂಡು ಹೇಳಿದರು:

"ನೋಡಿ ಮೇಡಂ, ನಮ್ಮಲ್ಲಿ ಮೂಟೆ ಬರತ್ತೆ. ಮೇಲ್ಗಡೆ ನೋಡಿದ್ರೆ ಫಸ್ಟ್ ಕ್ಲಾಸು. ವಾಸನೆ ಬಂತು ಅಂತಿಟ್ಕೊಳ್ಳಿ, ಆಗ ಬಿಚ್ಚಿ ಸುರಿದು ನೋಡ್ಲೇಬೇಕು. ಸುರೀದೆ ಇದ್ರೆ ಪಕ್ಕದ ಮೂಟೆನೂ ಹೋಗತ್ತೆ. ವಾಸನೆ ಬಂದಿದೆ ಅಂತ ನೀವಾಗ್ನೀವೇ ಹೇಳ್ತಿದೀರ. ಬಿಚ್ಚಿ ನೋಡೋಣ ಬಿಡಿ." ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. "ಅವಳಿಗೆ ಸಿಟ್ಟು ಇಳಿಯೋಕೆ ಎರಡು ದಿನ ಬೇಕು. ಮನಸಿಗೆ ಹಚ್ಕೋಬೇಡಿ."

ಎಂಆರ್‌ಐನಲ್ಲಿ ಗಂಟು ಇತ್ತು. ಲಿಗಮೆಂಟಿನ ಮುಂದೆ, ಕಡಲೆಕಾಳಿಗಿಂತ ದೊಡ್ಡದು. ಸರ್ಜನ್ ನನಗೆ ಫೋನ್ ಮಾಡಿ, "ಒಂದು ತಿಂಗಳು ಮುಂಚೆ ಕಳಿಸಬೇಕಿತ್ತು," ಎಂದರು. ಹೌದು ಎಂದೆ. ಆಮೇಲೆ ಅವರೇ, "ಮೂರು ತಿಂಗಳಿಗೆ ನಾನೂ ನೋಡಿದ್ದೆ. ನೆಟ್ಟಗಾಗ್ತಿದೆಯಾ ಅಂತ ಮಲಗಿಸಿ ಅಳೀಲಿಲ್ಲ, ಲಿಗಮೆಂಟ್ ಒಂದೇ ನೋಡಿ ಕಳಿಸ್ಬಿಟ್ಟೆ," ಎಂದರು. ಅವರು ಹಾಗೆ ಹೇಳಬೇಕಾದ ಅಗತ್ಯವಿರಲಿಲ್ಲ. ಆ ಮಾತಿಗೆ ನಾನು ಇವತ್ತಿಗೂ ಅವರನ್ನು ಗೌರವಿಸುತ್ತೇನೆ.

ಮಂಡಿಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಗಂಟು ತೆಗೆದದ್ದು ಅರ್ಧ ಗಂಟೆಯೊಳಗಿನ ಕೆಲಸ. ಮೂರನೆಯ ದಿನ ಕ್ಲಿನಿಕ್ಕಿಗೆ ಬಂದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ. ಮಂಚದ ಮೇಲೆ ಮಲಗಿಸಿ ಹಿಮ್ಮಡಿಯ ಕೆಳಗೆ ಟವೆಲ್ ಇಟ್ಟೆ. ಮಂಡಿ ತನ್ನಷ್ಟಕ್ಕೆ ಇಳಿಯಿತು. ಪಟ್ಟಿ ಇಟ್ಟೆ. ಸೊನ್ನೆ. ನಂಬಿಕೆ ಬಾರದೆ ಇನ್ನೊಂದು ಸಲ ಇಟ್ಟೆ.

"ಎಷ್ಟು?" ಅಂದಳು.

"ನೀನೇ ನೋಡು."

ಮೊಣಕೈಯೂರಿ ಎದ್ದು ನೋಡಿದಳು. ಎರಡೂ ಕಾಲು ಒಂದೇ ಮಟ್ಟದಲ್ಲಿದ್ದವು. ಮತ್ತೆ ಮಲಗಿ ಮೇಲೆ ತಿರುಗುವ ಫ್ಯಾನು ನೋಡುತ್ತ, "ಸದ್ಯ," ಎಂದಳು. ಆ ಒಂದು ಮಾತಿನಿಂದ ನಮ್ಮಿಬ್ಬರ ನಡುವೆ ಮಾತು ಮತ್ತೆ ಶುರುವಾಯಿತು.

ಎರಡನೆಯ ಆಪರೇಷನ್ನಿನ ಪೆಟ್ಟಿಗೆ ತೊಡೆ ಮತ್ತೆ ಮಲಗಿಬಿಟ್ಟಿತ್ತು. ಗಾಯ ಒಣಗಿದ ಮೇಲೂ ಏಳಲಿಲ್ಲ. ಸೂಜಿ ಹಾಕುವುದೇ ಬೇಡವೇ ಎಂದು ಯೋಚಿಸಿದೆ. ಹಾಗೆ ಹೆದರುವುದೂ ಇನ್ನೊಂದು ತಪ್ಪೇ ಆಗುತ್ತಿತ್ತು. ಈ ಸಲ ತಡೆ ಸ್ನಾಯುವಿನದ್ದೇ ಎಂದು ಕೈಯಿಂದ, ಪಟ್ಟಿಯಿಂದ, ಅವಳ ಬಾಯಿಂದ ಮೂರೂ ಕಡೆ ಖಾತ್ರಿ ಮಾಡಿಕೊಂಡು, "ಎಲ್ಲಿ ನೋವು?" ಎಂದು ಕೇಳಿ, ಅವಳು ಬೆರಳಿಟ್ಟು ತೋರಿಸಿದ ಮೇಲೆ ತೊಡೆಗೆ ಎರಡೇ ಸಲ ಸೂಜಿ ಹಾಕಿದೆ. ಸ್ನಾಯು ಎಚ್ಚರಾಯಿತು. ಅಲ್ಲಿಗೆ ನಿಲ್ಲಿಸಿದೆ. ಮಿಕ್ಕದ್ದೆಲ್ಲ ಬೆವರಿನ ಕೆಲಸ. ಮೆಟ್ಟಿಲು, ತೂಕ, ಒಂಟಿಕಾಲಿನಲ್ಲಿ ಕೂತೇಳುವುದು. ಅದಕ್ಕೆ ವಾರಗಳಲ್ಲ, ತಿಂಗಳುಗಳು ಹಿಡಿದವು.

ಆಯ್ಕೆಯ ದಿನ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಹತ್ತು ಗಂಟೆಗೆ ಸರಿಯಾಗಿ ಬಂದಳು. ಅವತ್ತು ಮಾಡಬೇಕಾದ್ದನ್ನೆಲ್ಲ ಮಾಡಿದಳು. ಕೊನೆಯಲ್ಲಿ ಶೂ ಲೇಸು ಕಟ್ಟುತ್ತ, "ನಮ್ಮ ಕ್ಲಬ್ಬಿಂದ ಇಬ್ಬರು ಹೋಗಿದಾರೆ ಮೇಡಂ. ಒಬ್ಬಳಿಗಾದ್ರೂ ಆಗ್ಲಿ," ಎಂದಳು. ಒಬ್ಬಳಿಗೆ ಆಯಿತು. ಆ ಕೆಲಸ ಇವಳಿಗೆ ಮತ್ತೆ ಬರಲಿಲ್ಲ. ನಾನು ಒಂದು ತಿಂಗಳು ಮುಂಚೆ ಕಳಿಸಿದ್ದರೂ ಅವತ್ತಿಗೆ ಅವಳು ಸಿದ್ಧಳಾಗುತ್ತಿರಲಿಲ್ಲ. ಲೆಕ್ಕ ಹಾಕಿದರೆ ಅದು ಸ್ಪಷ್ಟವೇ. ಆದರೂ ನಾನು ಆ ಲೆಕ್ಕವನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಹಾಕಿದ್ದೇನೆ.

ಫಿಸಿಯೋಗಳ ಸಭೆಯಲ್ಲಿ ಮುಂದಿನ ಭಾಗವನ್ನೂ ಹೇಳಿದೆ. ವಿಡಿಯೋ ತೋರಿಸಲಿಲ್ಲ, ಫೈಲಿನ ಆ ಐದು ಸಾಲು ಓದಿದೆ. ಆ ಸಲ ಯಾರೂ ಬೆರಗಾಗಲಿಲ್ಲ. ಸಭೆ ಮುಗಿದ ಮೇಲೆ ಕಿರಿಯಳೊಬ್ಬಳು ಬಂದು ತನ್ನ ಪೇಶೆಂಟೊಬ್ಬರ ಬಗ್ಗೆ ಮೆಲ್ಲಗೆ ಕೇಳಿದಳು. ಅದು ಸಾಕೆನಿಸಿತು.

ಎರಡನೆಯ ಆಪರೇಷನ್ನಿನ ಒಂಬತ್ತು ತಿಂಗಳಿಗೆ ಎಲ್ಲ ಪರೀಕ್ಷೆ ಮಾಡಿದೆ. ಒಂಟಿಕಾಲಿನ ನೆಗೆತದಲ್ಲಿ ಎಡಗಾಲು ಬಲಗಾಲಿಗೆ ಹತ್ತಿರ ಹತ್ತಿರ ಬಂದಿತ್ತು. ತಿರುಗಿ ಓಡುವಾಗ ಮಂಡಿ ಒಳಕ್ಕೆ ವಾಲುತ್ತಿರಲಿಲ್ಲ. ಸರ್ಜನ್ ಮಲಗಿಸಿ ಅಳೆದು ನೋಡಿ ಆಡಬಹುದು ಎಂದು ಬರೆದುಕೊಟ್ಟರು. ಒಂದು ಭಾನುವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಅಭ್ಯಾಸ ಪಂದ್ಯ, ಬರಬೇಕು ಎಂದಳು. ಮಲ್ಲೇಶ್ವರಕ್ಕೆ ಹೋದೆ. ಕೋಚ್ ಸೀಟಿ ಬಾಯಿಂದ ತೆಗೆಯದೆಯೇ ತಲೆಯಾಡಿಸಿ ಪಕ್ಕದ ಕಟ್ಟೆ ತೋರಿಸಿದರು. ಅಪ್ಪ ಆಗಲೇ ಅಲ್ಲಿ ಕುಳಿತಿದ್ದರು.

"ಇವಳ ಆಟ ನಾನು ನೋಡ್ತಿರೋದು ಇದೇ ಮೊದಲು," ಎಂದರು. "ಹನ್ನೊಂದು ವರ್ಷ ಯಾವತ್ತೂ ಬಿಡುವಾಗಿರ್ಲಿಲ್ಲ."

ಅವಳ ತಂಡ ಅಟ್ಟಿಸುವ ಸರದಿ. ಎಂಟು ಹುಡುಗಿಯರು ಮಣ್ಣಿನಲ್ಲಿ ಸಾಲಾಗಿ, ಒಬ್ಬಳು ಆ ಕಡೆ ಮುಖ ಒಬ್ಬಳು ಈ ಕಡೆ ಮುಖ ಮಾಡಿ ಕೂತರು. ಇವಳು ಐದನೆಯವಳು. ಮಂಡಿ ಪೂರ್ತಿ ಮಡಚಿ, ಅಂಗೈ ಮಣ್ಣಿಗೆ ಊರಿ, ಕತ್ತು ಎತ್ತಿ ಕೂತಿದ್ದಳು. ನಾನು ಬಂದದ್ದು ಆ ಮಂಡಿಯನ್ನು ನೋಡಲು. ಏಳುವಾಗ ಯಾವ ಕಾಲಿನ ಮೇಲೆ ಭಾರ ಹಾಕುತ್ತಾಳೆ, ಮೊದಲ ಹೆಜ್ಜೆಯಲ್ಲಿ ಅದು ಪೂರ್ತಿ ಚಾಚುತ್ತದೆಯೇ, ತಿರುವಿನಲ್ಲಿ ಪಾದ ಹೇಗೆ ಊರುತ್ತಾಳೆ, ಎಲ್ಲ ನೋಡಿಕೊಂಡು ಹೋಗಿ ಫೈಲಿನಲ್ಲಿ ಬರೆಯಬೇಕು ಎಂದುಕೊಂಡಿದ್ದೆ.

ಹಿಂದಿನಿಂದ ಬಂದವಳು ಅವಳ ಬೆನ್ನು ಮುಟ್ಟಿ "ಖೋ!" ಎಂದು ಕೂಗಿದಳು.

ಅವಳು ಎದ್ದದ್ದು ನನಗೆ ಕಾಣಿಸಲೇ ಇಲ್ಲ. ಕಂಡದ್ದು ಮುಂದೆ ಓಡುತ್ತಿದ್ದ ಗಿಡ್ಡ ಹುಡುಗಿ, ಅವಳ ಹಿಂದೆ ಹಾರುತ್ತಿದ್ದ ಇವಳ ಜಡೆ. ಗಿಡ್ಡ ಹುಡುಗಿ ಕಂಬದತ್ತ ಓಡಿದಳು. ಇವಳು ಎಡಗೈಯಲ್ಲಿ ಕಂಬ ಹಿಡಿದು, ಇಡೀ ಮೈ ಚಾಚಿ, ಬಲಗೈ ಮುಂದೆ ಮಾಡಿ ಧುಮುಕಿದಳು. ಧೂಳೆದ್ದಿತು. ಪಕ್ಕದಲ್ಲಿ ಅಪ್ಪ ಎದ್ದು ನಿಂತು, "ಹಿಡಿ, ಹಿಡಿ, ಹಿಡಿ!" ಎಂದು ಮಂಡಿಯಲ್ಲಿ ಹರಾಜು ಕೂಗುವ ದನಿಯಲ್ಲಿ ಕೂಗುತ್ತಿದ್ದರು. ಸೀಟಿ ಕೂಗಿತು. ಅವಳು ಮಣ್ಣಿನಿಂದ ಎದ್ದು, ಮೊಣಕೈ ಒರೆಸಿಕೊಂಡು, ನಮ್ಮ ಕಡೆ ನೋಡದೆ ಮತ್ತೆ ಸಾಲಿನತ್ತ ಓಡಿದಳು.

"ಔಟಾ ಮೇಡಂ?" ಎಂದು ಅಪ್ಪ ನನ್ನ ತೋಳು ಹಿಡಿದು ಕೇಳಿದರು.

"ಔಟು," ಎಂದೆ. ಮಂಡಿಯನ್ನು ನೋಡುವುದು ನನಗೆ ಮರೆತೇ ಹೋಗಿತ್ತು.